ಬಾಗಿಲ ಮರೆಯ ದನಿ

ಯಾರ ದನಿ ಕೇಳಿದರೂ ಅದೇ ದನಿ ತೆಗೆದು ಅಣಕಿಸಿ ತೋರಿಸುವುದು ವಿನೋದನ ಹುಟ್ಟಾ ಚಟ. ಶಾಲೆಯಲ್ಲಿ ಹೆಡ್‌ಮಾಸ್ತರರನ್ನೂ ಬಿಟ್ಟವನಲ್ಲ. ತೀರಿಹೋದ ಅಪ್ಪ ಗುರುಶಿದ್ದಪ್ಪನದಂತೂ ಕೆಮ್ಮಿನ ಸಮೇತ ಬಾಯಿಪಾಠ.

ಧಾರವಾಡದ ಪ್ರಯೋಗಾಲಯದಲ್ಲಿ ಅವನು ಮಾಡುತ್ತಿದ್ದುದು ಅಲ್ಝೈಮರ್ ಎಂಬ ಮರೆವಿನ ರೋಗದ್ದೇ ಸಂಶೋಧನೆ. ದಿನಾ ದುರ್ಗದಬೈಲಿನ ಅಬ್ದುಲಗನಿಯ ಮಾಂಸದ ಅಂಗಡಿಯಿಂದ ಐಸ್ ಡಬ್ಬಿಯಲ್ಲಿ ಆಡಿನ ಮೆದುಳು ಹಿಡಿದು ಬಸ್ ಹತ್ತುತ್ತಿದ್ದ. ಅದರ ಜೀವಕೋಶಗಳ ಪೊರೆಯಲ್ಲಿನ ಕೊಬ್ಬನ್ನು ಬೇರ್ಪಡಿಸಿ, ಆ ಕೊಬ್ಬು ಹದವಾಗಿದ್ದರೆ ಮರೆವು ತರುವ ಕೆಟ್ಟ ಪ್ರೋಟೀನು ಗಂಟು ಕಟ್ಟುವುದು ತಡವಾಗುತ್ತದೆಯೇ ಎಂದು ನೋಡುತ್ತಿದ್ದ. ಕೆಲವು ಗಾಜಿನ ನಳಿಕೆಗಳಲ್ಲಿ ತಡವಾಗುತ್ತಿತ್ತು. ವಿನೋದ ಮನೆಗೆ ಬರುವುದೂ ತಡವಾಗುತ್ತಿತ್ತು. ಅವ್ವ ಶೇವಂತೆವ್ವನ ಮರೆವು ಮಾತ್ರ ಯಾರಿಗಾಗಿಯೂ ಕಾಯಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವಳು ಉಣ್ಣುವುದನ್ನೇ ಬಿಟ್ಟಳು. ಸೊಸೆ ಜಯಾ ತುತ್ತು ಹಿಡಿದರೆ ತುಟಿ ಬಿಗಿಯುತ್ತಿದ್ದಳು. ಒಂದು ಬೆಳಿಗ್ಗೆ ವಿನೋದ ಬಾಗಿಲ ಮರೆಯಲ್ಲಿ ನಿಂತು, ಕೆಮ್ಮಿ, ಅಪ್ಪನಾದ:

“ಏ ಇವಳ, ಉಣ್ಣಾಕ ಏನ ಧಾಡಿ ನಿನಗ?”

ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು ಬಕಬಕ ಉಂಡಳು.

“ಇನ್ನ ಈ ಆಟಕ್ಕ ಟಿಕೀಟ ಇಡ್ರಿ,” ಎಂದು ಜಯಾ ನಕ್ಕಳು. ತಿಂಗಳು ಕಳೆದ ಮೇಲೆ ನಗಲಿಲ್ಲ. “ಒಮ್ಮೆರೆ ನಿಮ್ಮ ದನೀಲೆ ಕರೀರಿ. ಎದುರಿಗೆ ಕುಂದರ್ರಿ.”

“ಆಮ್ಯಾಲ ಕುಂದರ್ತೇನಿ. ಈಗ ಉಂಡ್ರ ಸಾಕು, ಬಸ್ ತಪ್ಪತೈತಿ.”

ಆ ‘ಆಮ್ಯಾಲ’ ಎಂಟು ತಿಂಗಳು ಎಳೆಯಿತು.

ಒಂದು ದಿನ ಅವ್ವ ತುಪ್ಪದ ಬಟ್ಟಲನ್ನು ತಾಟಿನಿಂದ ಆಚೆ ಸರಿಸಿದಳು.

“ತುಪ್ಪ ಯಾಕ ಬಿಟ್ಟಿ?” ಎಂದಿತು ಬಾಗಿಲ ಮರೆ.

“ವಿನ್ಯಾಗ ಇಟ್ಟೇನ್ರಿ. ತಲಿ ಕೆಲಸ ಮಾಡಾಂವ. ಭಾಳ ದಿನಾತು, ಮನಿಗೇ ಬಂದಿಲ್ಲ. ನೀವರೆ ಅವಂಗ ಒಂದ ಮಾತ ಬೈರಿ.”

ವಿನೋದ ಕೈಯಲ್ಲಿದ್ದ ಐಸ್ ಡಬ್ಬಿ ಅಲ್ಲೇ ಇಟ್ಟು ಬಂದು ಎದುರಿಗೆ ಕುಳಿತ. “ಅವ್ವಾ, ನಾನ ವಿನ್ಯಾ. ಇಲ್ಲೇ ಅದೇನಿ.”

ಅವ್ವ ಅವನನ್ನು ಬಹಳ ಹೊತ್ತು ನೋಡಿದಳು. “ನಮ್ಮ ಹುಡುಗನ ದನಿ ಛಲೋ ತಗೀತೀರಿ ನೋಡ್ರಿ. ಅವನೂ ಹಿಂಗ ಎಲ್ಲಾರ್ನೂ ಅಣಕಸ್ತಿದ್ದ.”

“ಅಣಕಲ್ಲಬೇ ಯವ್ವಾ, ಖರೇನ ನಾನ...”

ಅವಳಾಗಲೇ ಬಾಗಿಲ ಕಡೆ ತಿರುಗಿದ್ದಳು. “ರೀ, ಯಾರೋ ಬಂದಾರ ನೋಡ್ರಿ.” ಬಾಗಿಲು ಮಾತಾಡಲಿಲ್ಲ. ತುತ್ತು ಅವ್ವನ ಕೈಯಲ್ಲೇ ನಿಂತಿತು. ಅನ್ನ ಆರುತ್ತಾ ಬಂತು.

ಜಯಾ ಗಂಡನ ಮುಖ ನೋಡಿದಳು. ವಿನೋದ ಎದ್ದು ಮತ್ತೆ ಬಾಗಿಲ ಮರೆಗೆ ಹೋದ. ಕೆಮ್ಮು ಎರಡನೇ ಸಲಕ್ಕೆ ಬಂತು.

“ಉಣ್ಣ ಇವಳ. ಬೈತೇನಿ ಅವಂಗ.”

“ಭಾಳ ಬೈಬ್ಯಾಡ್ರಿ ಮತ್ತ,” ಎಂದು ಅವ್ವ ತುತ್ತು ಬಾಯಿಗಿಟ್ಟಳು.