ಏಳು ಗಂಟೆಯ ದೀಪ

ಜೇವರ್ಗಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಣಮಂತರಾಯನ ಹುಚ್ಚು ರೇಡಿಯೊಗೇ ನಿಲ್ಲುವಂಥದ್ದಲ್ಲ. ೧೯೮೯ರ ಬೇಸಿಗೆಯಲ್ಲಿ ಮಸ್ಕತ್ತಿಗೆ ದುಡಿಯಲು ಹೊರಡುವ ಮುನ್ನ ಅಂಗೈಯಗಲದ ಎರಡು ಕಂಪ್ಯೂಟರ್ ಬೋರ್ಡು ತಂದು, ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿ, ನಡುವೆ ತಂತಿ ಎಳೆದ. ಸಂಜೆ ಏಳಾಯಿತೆಂದರೆ ಎರಡೂ ಕಡೆ ದೀಪ ತಾನಾಗಿಯೇ ಹತ್ತುತ್ತಿತ್ತು.

“ದೀಪ ಹತ್ತಿತಂದ್ರ ನಾನೇ ಹಚ್ಚೇನಿ ಅಂತ ತಿಳ್ಕೊ,” ಎಂದು ಹೆಂಡತಿ ಶಿವಕಾಂತಾಳಿಗೆ ಹೇಳಿ ಹೋದ.

ಚಳಿಗಾಲ ಬಂತು. ಆರಕ್ಕೇ ಕತ್ತಲು ಕವಿಯತೊಡಗಿತು. ಬೋರ್ಡಿಗೇನು ಗೊತ್ತು, ಅದು ಏಳನ್ನೇ ಹಿಡಿದು ಕೂತಿತ್ತು. ಒಂದು ಸಂಜೆ ಬಾಗಿಲಲ್ಲಿ ಎಡವಿ ಸಿಟ್ಟಿಗೆದ್ದ ಮೈದುನ ದೌಲತರಾಯ, ಅಣ್ಣನಿಂದಲೇ ಕೆಲಸ ಕಲಿತವನು, ಬೋರ್ಡಿನ ಗುಂಡಿಗಳಿಗೆ ಕೈ ಹಾಕಿದ.

“ವೈನಿ, ಇದನ್ನ ಆರಕ್ಕ ಇಡ್ತೇನ್ರಿ. ಎರಡು ನಿಮಿಷದ ಕೆಲಸ.”

ಶಿವಕಾಂತಾ ಅಡ್ಡ ಬಂದು ನಿಂತಳು.

“ಬ್ಯಾಡಪ್ಪ. ನೀ ತಿದ್ದಿದರ ಅದು ನೀ ಹಚ್ಚಿದ ದೀಪ ಆಗ್ತದ.”

ದೌಲತರಾಯ ಕಂದೀಲು ಹಿಡಿದು ಕೊಟ್ಟಿಗೆಗೆ ಹೋದ. ಅವಳು ಕತ್ತಲಲ್ಲೇ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು.

ಏಳಕ್ಕೆ ದೀಪ ಹತ್ತಿತು. ಶಿವಕಾಂತಾ ಲಗುಬಗೆಯಿಂದ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು.