ನೇಯುವೆನು ಎಂದ ಮಗಳು

ಕನಕಪ್ಪ ಮಾಸ್ತರರು ಹತ್ತನೆಯ ತರಗತಿಗೆ ಕೊಟ್ಟ ಮನೆಗೆಲಸ ಇಷ್ಟೇ: ಮನಸ್ಸಿಗೆ ಬಂದ ಒಂದು ಕ್ರಿಯಾಪದ ಹಿಡಿದು, ಇಂಗ್ಲಿಷಿನಲ್ಲಿ ಅದರ ಭವಿಷ್ಯತ್ಕಾಲದ ರೂಪಗಳನ್ನೆಲ್ಲ ಮಾಡಿಕೊಂಡು ಬರಬೇಕು. ಉಳಿದವರು ತಿನ್ನುವುದನ್ನೋ ಆಡುವುದನ್ನೋ ಹಿಡಿದು ಕೈತೊಳೆದುಕೊಂಡರು. ಶಮೀಮಾ ನೇಯುವುದನ್ನು ಹಿಡಿದಳು.

ನವಲಗುಂದದ ಆ ಓಣಿಯಲ್ಲಿ ಜಮಖಾನ ನೇಯುವವರು ಮಗಳಿಗೆ ಮಗ್ಗ ಕಲಿಸುತ್ತಿರಲಿಲ್ಲ. ಮಗಳು ಇನ್ನೊಬ್ಬರ ಮನೆ ಸೇರುವವಳು, ಕಸುಬೂ ಅವಳ ಬೆನ್ನು ಹತ್ತಿ ಹೊರಟುಬಿಟ್ಟೀತು ಎಂಬ ಅಂಜಿಕೆ. ಕಲಿಸುವುದೇನಿದ್ದರೂ ಸೊಸೆಗೆ. ಎಂಥ ನ್ಯಾಯ ನೋಡಿ! ಮನೆಯಲ್ಲೇ ಹುಟ್ಟಿದವಳು ನೂಲು ಸುತ್ತಿಕೊಡಬೇಕು, ನಿನ್ನೆ ಬಂದವಳು ನವಿಲು ನೇಯಬೇಕು. ಶಮೀಮಾಳ ಮದುವೆ ಅಣ್ಣಿಗೇರಿಯಲ್ಲಿ ಗೊತ್ತಾಗಿತ್ತು. ಒಮ್ಮೆಯಾದರೂ ಆ ಮಗ್ಗದ ಮುಂದೆ ಕೂತು ನೇಯದೆ ಈ ಮನೆ ಬಿಡಬಾರದೆಂಬುದೊಂದೇ ಅವಳ ಆಸೆ.

ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದು ಮಗ್ಗದ ಎಳೆಗಳ ಮೇಲೆ ಬಿದ್ದಿತ್ತು. ತಾಯಿ ಮಲಿಕಾಬಿ ಕಬ್ಬಿಣದ ಪಂಜಾದಿಂದ ನೂಲು ಬಡಿದು ಕೂಡಿಸುತ್ತಿದ್ದಳು. ಆ ಸಪ್ಪಳಕ್ಕೆ ಶಮೀಮಾಳಿಗೆ ಜೊಂಪು ಹತ್ತಿತು. ‘ಐ ವಿಲ್ ವೀವ್’ ಎಂದಳು. ಕೆಂಪು ನೂಲು ತಾನಾಗಿಯೇ ಗೋಡೆಯ ಮೇಲೆ ಹರಿದಾಡಿತು. ‘ಐ ವಿಲ್ ಬಿ ವೀವಿಂಗ್’ ಎಂದಳು. ನವಿಲೊಂದು ಜಮಖಾನದಿಂದ ಮೆಲ್ಲಗೆ ಇಳಿದು ಅಂಗಳಕ್ಕೆ ನಡೆಯಿತು. ಅದರ ಹಿಂದೆಯೇ ಕಪ್ಪು ಮಣ್ಣಿನ ಎರಿ ಹೊಲ, ಒಡೆದ ಹತ್ತಿ, ಮೋಡ, ಎಲ್ಲವೂ ಅವಳ ಬೆರಳುಗಳಿಂದಲೇ ಹುಟ್ಟುತ್ತಿದ್ದವು. ಎಂಥ ಸುಖ ಅದು!

“ಏನ್ ಬೇ, ಒಬ್ಬಾಕಿನ ವಟಗುಟ್ಟಾಕತ್ತಿ?”

“ನೇಯತೇನಿ, ನೇಯ್ಕೊಂತ ಇರತೇನಿ ಅಂತ ಇಂಗ್ಲಿಷಿನ್ಯಾಗ ಹೇಳಾಕತ್ತೇನಮ್ಮಾ.”

ಪಂಜಾದ ಏಟು ಜೋರಾಯಿತು. “ಆ ಮಾತು ಸೊಸಿಗೆ. ನೀ ಬ್ಯಾರೆ ಹಿಡಿ. ಹೋಗೂದು ಹಿಡಿ.”

ಶಮೀಮಾಳಿಗೆ ಅಳು ಉಕ್ಕಿ ಬಂತು. ಆದರೂ ಅಮ್ಮ ಹೇಳಿದ್ದನ್ನೇ ಹಿಡಿದಳು. “ಐ ವಿಲ್ ಗೋ, ಹೋಗತೇನಿ. ಐ ವಿಲ್ ಬಿ ಗೋಯಿಂಗ್, ಹೋಗಾಕತ್ತಿರತೇನಿ. ಐ ವಿಲ್ ಹ್ಯಾವ್ ಗಾನ್.”

“ಹಂಗಂದ್ರ?”

“ರಮಜಾನ್ ಚಂದ್ರ ಕಾಣೂದ್ರಾಗ ನಾ ಹೋಗಿಬಿಟ್ಟಿರತೇನಿ, ಅಮ್ಮಾ.”

ಮಲಿಕಾಬಿಯ ಕೈ ನಿಂತಿತು. ಮಗಳಿಲ್ಲದ ಮನೆ ಅವಳ ಕಣ್ಣಿಗೆ ಅವತ್ತೇ ಮೊದಲು ಕಂಡದ್ದು. ಅವಳೂ ಒಬ್ಬರ ಮಗಳೇ. ತವರಿನ ಮಗ್ಗವನ್ನು ಬಾಗಿಲ ಮರೆಯಿಂದ ನೋಡಿ ಬಂದವಳು. ಎದ್ದು ಹೋಗಿ ಬೀದಿಬಾಗಿಲ ಅಗಳಿ ಹಾಕಿ ಬಂದಳು. ಮಗ್ಗದ ಮುಂದಿನ ಹಲಗೆಯ ಮೇಲೆ ಸರಿದು ಕೂತು ಜಾಗ ಮಾಡಿದಳು.

“ಬಾ, ಕೂಡು.”

ಮಗಳ ಕೈಗೆ ಪಂಜಾ ಕೊಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು.

“ಯಾರಿಗೂ ಹೇಳಬ್ಯಾಡ,” ಎಂದಳು. “ನಿನ್ನ ಮಗಳಿಗಷ್ಟ ಹೇಳು.”