ಅಮ್ಮನ ಸಹಪಾಠಿ

ಗುಬ್ಬಿ ಫೋಟೋಗ್ರಫಿ ಶಾಲೆಗೆ ಸೇರಿದ ಎರಡನೆಯ ವರ್ಷ ಅವಳ ಅಮ್ಮನೂ ಅದೇ ತರಗತಿಗೆ ಬಂದು ಕೂತಳು.

ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಮನೆಯವರು ಇಟ್ಟ ಹೆಸರು ಗುಬ್ಬಿ. ಬೆಳೆದು ಅಮ್ಮನಿಗಿಂತ ಎತ್ತರವಾದರೂ ಅದು ಅವಳನ್ನು ಬಿಟ್ಟಿರಲಿಲ್ಲ. ಅಮ್ಮ ಬಸ್ ನಿಲ್ದಾಣದ ಪಾಸ್ ಕೌಂಟರಿನಲ್ಲಿ ಅರ್ಧ ಆಯುಷ್ಯ ಕಳೆದು, ಮಂಡಿನೋವೆಂದು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡಿದ್ದಳು. ಆ ವರ್ಷ ಶಾಲೆಯವರು ಕ್ಯಾಮೆರಾದ ಬಗೆಬಗೆಯ ಪ್ರಯೋಗಗಳನ್ನೂ ಎಡಿಟಿಂಗನ್ನೂ ಕಲಿಸುವ ವಿಶೇಷ ತರಗತಿಯೊಂದನ್ನು ಹೊರಗಿನವರಿಗೂ ತೆರೆದರು. ಸುದ್ದಿಯನ್ನು ಮನೆಗೆ ತಂದವಳು ಗುಬ್ಬಿಯೇ. ಊಟಕ್ಕೆ ಕೂತಾಗ ಮಾತಿನ ಮಧ್ಯೆ ಹೇಳಿದ್ದಳು, ಅಷ್ಟೆ. ಮುಂದಿನ ವಾರ ಅಮ್ಮ ಸೇರಿಕೊಂಡೇ ಬಿಟ್ಟಿದ್ದಳು.

ಮೊದಮೊದಲು ಗುಬ್ಬಿಗೆ ಅದು ತಮಾಷೆಯೆನಿಸಿತು. ಶಟರ್ ಎಂದರೆ ಕಣ್ಣಿನ ರೆಪ್ಪೆಯಿದ್ದ ಹಾಗೆ, ಬೇಗ ಮುಚ್ಚಿದರೆ ಓಡುವ ನಾಯಿಯೂ ನಿಂತಂತೆ ಕಾಣುತ್ತದೆ, ತಡವಾಗಿ ಮುಚ್ಚಿದರೆ ನಡೆಯುವ ಮನುಷ್ಯ ಹೊಗೆಯಾಗಿಬಿಡುತ್ತಾನೆ ಎಂದು ಮನೆಯಲ್ಲಿ ಅಮ್ಮನಿಗೆ ಹೇಳಿಕೊಟ್ಟವಳು ಅವಳೇ. ಅಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡು ವಿಧೇಯಳಾಗಿ ತಲೆಯಾಡಿಸುತ್ತಿದ್ದಳು. ಗುಬ್ಬಿಯ ಹಳೆಯ ಕ್ಯಾಮೆರಾ ಅಮ್ಮನ ಪಾಲಿಗೆ ಬಂತು. ಅದನ್ನು ಕುತ್ತಿಗೆಗೆ ಹಾಕಿಕೊಂಡು ಅಮ್ಮ ಬಸ್ಸಿನಲ್ಲಿ ಪಕ್ಕ ಕೂತರೆ, ತಾನೇ ತಾಯಿ, ಇವಳು ಮಗಳು ಎನ್ನುವಂಥ ಹೆಮ್ಮೆ ಗುಬ್ಬಿಗೆ.

ಅದು ಹೆಚ್ಚು ದಿನ ಉಳಿಯಲಿಲ್ಲ.

ಪಾಠ ಮಾಡುತ್ತಿದ್ದ ಮೇಷ್ಟ್ರು ಹಿಂದೆ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಆಗಿದ್ದವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಒಂದು ಬೆಳಗ್ಗೆ ಎಲ್ಲರನ್ನೂ ರಸ್ತೆಬದಿಗೆ ಕರೆದೊಯ್ದು ಪ್ಯಾನಿಂಗ್ ಕಲಿಸಿದರು. ಹೋಗುವ ಸೈಕಲ್ಲಿನ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸುತ್ತ ಬಟನ್ ಒತ್ತಬೇಕು. ಆಗ ಸವಾರ ಸ್ಪಷ್ಟವಾಗಿ, ಹಿಂದಿನ ಬೀದಿಯೆಲ್ಲ ಗೆರೆಗೆರೆಯಾಗಿ ಬರುತ್ತದೆ. ಗುಬ್ಬಿ ಕಾಲೂರಿ, ಉಸಿರು ಬಿಗಿಹಿಡಿದು, ಹೇಳಿದ್ದನ್ನು ಹೇಳಿದಂತೆಯೇ ಮಾಡಿದಳು. ಸವಾರನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು. ಅಮ್ಮ ಸೈಕಲ್ಲಿನ ಗೊಡವೆಗೇ ಹೋಗದೆ, ರಸ್ತೆ ದಾಟಲು ಹೆದರಿ ಹಿಂದೆ ಮುಂದೆ ಹೆಜ್ಜೆಯಿಡುತ್ತಿದ್ದ ಒಬ್ಬ ದಡೂತಿ ಗಂಡಸಿನ ಜೊತೆ ಕ್ಯಾಮೆರಾ ಆಡಿಸಿದ್ದಳು. ಅವನ ಕೈಕಾಲೆಲ್ಲ ಕಲಸಿಹೋಗಿ ಗಾಬರಿಬಿದ್ದ ಮುಖವೊಂದು ಮಾತ್ರ ಹೇಗೋ ನಿಂತಿತ್ತು. ತರಗತಿಯ ಪರದೆಯ ಮೇಲೆ ಅದು ಬಂದಾಗ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ಗುಬ್ಬಿಯದನ್ನು ಹಾಕಿ, “ಇದರಲ್ಲಿ ತಪ್ಪೇನೂ ಇಲ್ಲ” ಎಂದು ಮುಂದಿನದಕ್ಕೆ ಹೋದರು.

ಮನೆಗೆ ಹೋಗುವ ಬಸ್ಸಿನಲ್ಲಿ ಗುಬ್ಬಿ ತನ್ನ ಚಿತ್ರದಲ್ಲಿ ತಪ್ಪು ಹುಡುಕುತ್ತ ಕೂತಳು.

ದಿನ ಕಳೆದಂತೆ ಅಮ್ಮ ತರಗತಿಗೆಲ್ಲ ಅಮ್ಮನಾದಳು. ಹುಡುಗರು ಅವಳ ಟ್ರೈಪಾಡ್ ಹೊತ್ತರು, ಹುಡುಗಿಯರು ಮನೆಯ ಕಷ್ಟಸುಖ ಹೇಳಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ ಗುಬ್ಬಿಯನ್ನು ಉರಿಸಿದ್ದು ಉದ್ದಣ್ಣ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದ ಆ ಹುಡುಗನಿಗೆ ತರಗತಿಯವರಿಟ್ಟ ಹೆಸರು ಅದು. ಎಡಿಟಿಂಗಿನಲ್ಲಿ ಅವನದು ಪಳಗಿದ ಕೈ. ಅವನ ಪಕ್ಕದ ಕುರ್ಚಿಯನ್ನು ಗಿಟ್ಟಿಸಿಕೊಳ್ಳಲು ಗುಬ್ಬಿ ಮೊದಲ ವರ್ಷವಿಡೀ ಹೆಣಗಿದ್ದಳು. ಈಗ ಅವನು ಆ ಕುರ್ಚಿಗೆ ಬೆನ್ನು ಮಾಡಿ, ಇನ್ನೊಂದು ಬದಿಯಲ್ಲಿದ್ದ ಅಮ್ಮನ ಚಿತ್ರಗಳನ್ನು ನೋಡುತ್ತ, ಇದು ಹೇಗೆ ತೆಗೆದಿರಿ, ಅದು ಹೇಗೆ ತೆಗೆದಿರಿ ಎಂದು ಕೇಳುತ್ತಿದ್ದ. ಅಮ್ಮ ನಗುತ್ತ, ಗೊತ್ತಿಲ್ಲಪ್ಪ, ಕೈ ಜಾರಿತು ಎನ್ನುತ್ತಿದ್ದಳು.

ಗುಬ್ಬಿ ಹಟಕ್ಕೆ ಬಿದ್ದು ದುಡಿದಳು. ಕತ್ತಲು ಮಾಡಿದ ಕೋಣೆಯಲ್ಲಿ ಶಟರ್ ತೆರೆದಿಟ್ಟು, ಟಾರ್ಚಿನಿಂದ ಗಾಳಿಯಲ್ಲಿ ಬೆಳಕಿನ ಗೆರೆ ಎಳೆದಳು. ಬಟ್ಟಲಿಗೆ ಬೀಳುವ ಹನಿಯನ್ನು ಕಿರೀಟದ ಆಕಾರದಲ್ಲೇ ಹಿಡಿದಳು. ಎಲ್ಲವೂ ಬೇಕಾದ ಹಾಗೇ ಬಂದವು, ಮೇಷ್ಟ್ರು ಎಲ್ಲಕ್ಕೂ ತಲೆಯಾಡಿಸಿದರು. ಅಮ್ಮ ಸ್ನಾನಕ್ಕೆ ಹೋದಾಗ ಅವಳ ಕ್ಯಾಮೆರಾ ತೆರೆದು ನೋಡುವ ಚಟವೂ ಗುಬ್ಬಿಗೆ ಅಂಟಿಕೊಂಡಿತು. ಒಂದಾದ ಮೇಲೊಂದು ಕೆಟ್ಟುಹೋದ ಚಿತ್ರಗಳು: ಕಪ್ಪು, ಮಸುಕು, ಅಮ್ಮನ ಬೆರಳು. ಗುಬ್ಬಿಗೆ ಜೀವ ತಂಪಾಗುತ್ತಿತ್ತು. ಅಷ್ಟರಲ್ಲಿ ಅವುಗಳ ನಡುವೆ ಒಂದು ಬಂದುಬಿಡುತ್ತಿತ್ತು. ಅದನ್ನು ತಾನು ತೆಗೆದಿದ್ದರೆ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದೆ ಎನಿಸುವಂಥದ್ದು.

ಗೆಳತಿಯ ಮೇಲಿನ ಅಸೂಯೆಯಾಗಿದ್ದರೆ ಯಾರ ಹತ್ತಿರವಾದರೂ ತೋಡಿಕೊಂಡು ಹಗುರಾಗಬಹುದಿತ್ತು. ಹೆತ್ತವಳನ್ನು ಕಂಡರೆ ಮೈ ಉರಿಯುತ್ತದೆ ಎಂದು ಯಾರ ಮುಂದೆ ಬಾಯಿಬಿಡುವುದು? ಅಪ್ಪನ ಮುಂದಂತೂ ಸಾಧ್ಯವೇ ಇರಲಿಲ್ಲ. ಕೀಲಿಕೈ ಮಾಡುವ ಅಂಗಡಿಯಿಟ್ಟಿದ್ದ ಅಪ್ಪ, ತಾಯಿ-ಮಗಳು ಒಟ್ಟಿಗೆ ಕಲಿಯುತ್ತಿದ್ದಾರೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ.

ವಿಶೇಷ ತರಗತಿಯ ಕೊನೆಯಲ್ಲಿ ಪ್ರದರ್ಶನವಿತ್ತು. ಒಬ್ಬೊಬ್ಬರದು ಒಂದೇ ಚಿತ್ರ. ಕಲಿತ ಕ್ಯಾಮೆರಾ ತಂತ್ರ ಮತ್ತು ಎಡಿಟಿಂಗ್ ಎರಡೂ ಅದರಲ್ಲಿ ಕಾಣಬೇಕು. ಅಮ್ಮ ತನ್ನ ಹಳೆಯ ಪರಿಚಯ ಹಿಡಿದು ಬಸ್ ಡಿಪೋಗೆ ಹೋದಳು. ಅಲ್ಲಿ ಬಸ್ಸನ್ನು ಎರಡು ದೊಡ್ಡ ತಿರುಗುವ ಬ್ರಷ್‌ಗಳ ನಡುವೆ ನಿಲ್ಲಿಸಿ ತೊಳೆಯುತ್ತಿದ್ದರು. ಅಮ್ಮ ಬಸ್ಸಿನೊಳಗೇ ಕೂತು ಕಿಟಕಿಯ ಮೂಲಕ ನಿಧಾನ ಶಟರ್‌ನಲ್ಲಿ ತೆಗೆದಳು. ತಂದ ಚಿತ್ರಗಳಲ್ಲಿ ಒಂದನ್ನು ಬಿಟ್ಟು ಮುಂದಕ್ಕೆ ಹೋಗಲು ಗುಬ್ಬಿಗಾಗಲಿಲ್ಲ. ಗಾಜಿನಾಚೆ ನೀಲಿ ಬ್ರಷ್ಷಿನ ಎಳೆಗಳು ಬಿರುಗಾಳಿಯ ಹಾಗೆ ಸುತ್ತುತ್ತಿದ್ದವು, ನೊರೆ ಇಳಿಯುತ್ತಿತ್ತು. ಅದರ ನಡುವೆ, ಗಾಜಿನಲ್ಲೇ, ಕ್ಯಾಮೆರಾ ಹಿಡಿದ ಅಮ್ಮನ ಮುಖ ತೆಳ್ಳಗೆ ಮೂಡಿತ್ತು. ಒಂದು ಕಣ್ಣು ಮುಚ್ಚಿತ್ತು, ಬಾಯಿ ತುಸು ತೆರೆದಿತ್ತು. ಅಷ್ಟೊಂದು ಖುಷಿಯಾಗಿರುವ ಅಮ್ಮನನ್ನು ಗುಬ್ಬಿ ನೋಡಿಯೇ ಇರಲಿಲ್ಲ.

ಕಂಪ್ಯೂಟರ್ ಎಂದರೆ ಅಮ್ಮನಿಗೆ ಇನ್ನೂ ಅಳುಕು. ಸ್ವಲ್ಪ ಬೆಳಕು ಸರಿಮಾಡಿ ಕಳಿಸಿಬಿಡು ಎಂದು ಚಿತ್ರವನ್ನು ಮಗಳ ಕೈಗೊಪ್ಪಿಸಿ, ಭಾನುವಾರ ಮಧ್ಯಾಹ್ನ ಮಲಗಲು ಹೋದಳು.

ಗುಬ್ಬಿ ಮೊದಲು ಬೆಳಕನ್ನೇ ಸರಿಮಾಡಿದಳು. ವಾಲಿದ್ದ ಕಿಟಕಿಯನ್ನು ನೆಟ್ಟಗಾಗಿಸಿದಳು. ಆಮೇಲೆ ಗಾಜಿನ ಮೇಲಿನ ಪ್ರತಿಬಿಂಬಗಳು ಫೋಟೋವನ್ನು ಕೆಡಿಸುತ್ತವೆ ಎಂದು ಮೇಷ್ಟ್ರು ಎಂದೋ ಹೇಳಿದ್ದ ಮಾತು ಅವಳ ನೆರವಿಗೆ ಬಂತು. ಒಂದು ಜಾಗದ ನೊರೆಯನ್ನು ಎತ್ತಿ ಇನ್ನೊಂದು ಜಾಗಕ್ಕೆ ಒತ್ತುವ ಕ್ಲೋನ್ ಸ್ಟ್ಯಾಂಪ್ ತೆಗೆದುಕೊಂಡಳು. ಮೊದಲು ಅಮ್ಮನ ಗಲ್ಲ ಹೋಯಿತು. ಆಮೇಲೆ ಬಾಯಿ. ಗೋಡೆಯಾಚೆ ಅಮ್ಮನ ಸಣ್ಣ ಗೊರಕೆ ಕೇಳುತ್ತಿತ್ತು. ಮುಚ್ಚಿದ ಕಣ್ಣನ್ನು ಅಳಿಸಲು ಗುಬ್ಬಿ ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡಳು. ಎಲ್ಲಿ ಏನಿತ್ತೆಂದು ತನಗೇ ಗೊತ್ತಾಗದ ಹಾಗೆ ಅಚ್ಚುಕಟ್ಟಾಗಿ ಮುಗಿಸಿ ಶಾಲೆಗೆ ಕಳಿಸಿದಳು.

ತರಗತಿಯಲ್ಲಿ ಆ ಚಿತ್ರ ಪರದೆಯ ಮೇಲೆ ಬಂತು. ಬ್ರಷ್ಷು, ನೊರೆ, ನೀರು. ಚೆನ್ನಾಗಿದೆ, ಆದರೆ ಇದರೊಳಗೆ ಯಾರೂ ಇಲ್ಲವಲ್ಲ ಎಂದರು ಮೇಷ್ಟ್ರು. ಗುಬ್ಬಿ ಕಣ್ಣಂಚಿನಲ್ಲಿ ಅಮ್ಮನ ಕಡೆ ನೋಡಿದಳು. ಅಮ್ಮ ಪರದೆಯನ್ನೇ ದಿಟ್ಟಿಸುತ್ತಿದ್ದಳು, ತನ್ನ ಮನೆಯ ಬಾಗಿಲಲ್ಲಿ ಬೇರೆಯವರ ಬೀಗ ಕಂಡವಳ ಹಾಗೆ. ಕೊನೆಗೆ, ಕಂಪ್ಯೂಟರ್ ಕೆಲಸ ತನಗೆ ಬರುವುದಿಲ್ಲ, ಎಲ್ಲೋ ತಪ್ಪಾಗಿರಬೇಕು ಎಂದಷ್ಟೇ ಹೇಳಿದಳು. ಮಗಳ ಹೆಸರೆತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು ಎನಿಸಿತು ಗುಬ್ಬಿಗೆ.

ಸಂಜೆ ಬಸ್ ತಂಗುದಾಣದಲ್ಲಿ ಇಬ್ಬರೇ ಇದ್ದರು. ಬಸ್ ಬಂದಾಗ ಗುಬ್ಬಿ ಎದ್ದಳು. ಅಮ್ಮ ಏಳಲಿಲ್ಲ. ಬಸ್ ಹೊರಟುಹೋಯಿತು.

“ಗಾಜಲ್ಲಿ ನಾನಿದ್ದೆ,” ಎಂದಳು ಅಮ್ಮ. “ಎಲ್ಲಿ ಹೋದೆ?”

ಗುಬ್ಬಿ ಸಿದ್ಧವಾಗಿಟ್ಟುಕೊಂಡಿದ್ದ ಉತ್ತರ ಹೇಳಿದಳು. ಪ್ರತಿಬಿಂಬ ಇರಬಾರದು, ಮೇಷ್ಟ್ರೇ ಹೇಳಿದ್ದರಲ್ಲ ಎಂದಳು.

“ಮೇಷ್ಟ್ರ ಮಾತು ಹಾಗಿರಲಿ. ನೀನ್ಯಾಕೆ ಅಳಿಸಿದೆ?”

ರಸ್ತೆಯಲ್ಲಿ ಗಾಡಿಗಳು ಹೋಗುತ್ತಲೇ ಇದ್ದವು. ಗುಬ್ಬಿ ಕ್ಯಾಮೆರಾ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು. “ಹೊಟ್ಟೆಕಿಚ್ಚಿಗೆ,” ಎಂದಳು. ಹೇಳಿದ ಮೇಲೆ ಅಳು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. “ನಂಗೆ ಅಂತ ಇದ್ದದ್ದು ಇದೊಂದೇ, ಅಮ್ಮ. ಅದಕ್ಕೂ ನೀನು ಬಂದೆ. ಬಂದಿದ್ದಲ್ದೆ, ನಂಗಿಂತ ಚೆನ್ನಾಗಿ ಮಾಡ್ತೀಯ.”

ಅಮ್ಮ ಮಂಡಿಯನ್ನು ಉಜ್ಜಿಕೊಂಡಳು.

“ನಂಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದ್ಕೊಂಡ್ಯಾ?” ಎಂದಳು. “ಈ ಮಂಡಿ ಇಟ್ಕೊಂಡು ಅಷ್ಟು ಮೆಟ್ಟಿಲು ಹತ್ತೋಕೆ ನಂಗೇನು ಹುಚ್ಚಾ? ಹೋದ ವರ್ಷ ಎಲ್ಲ ನೀನು ಕ್ಯಾಮೆರಾ ನೇತುಹಾಕ್ಕೊಂಡು ಹೋಗೋದನ್ನ ಕೌಂಟರ್ ಒಳಗಿಂದ ನೋಡ್ತಿದ್ದೆ. ನಿನ್ನ ವಯಸ್ಸಲ್ಲಿ ನಾನು ಬಸ್ ಪಾಸಿಗೆ ಕಂಡೋರ ಫೋಟೋ ಅಂಟಿಸ್ತಾ ಕೂತಿದ್ದೆ. ಹೆತ್ತ ಮಗಳನ್ನ ನೋಡಿ ಉರ್ಕೋತಿದೀನಲ್ಲ ಅಂತ ನಂಗೇ ನಾಚಿಕೆ ಆಗೋದು. ಆದ್ರೂ ಬಂದು ಸೇರ್ಕೊಂಡೆ.”

ಗುಬ್ಬಿ ತಲೆಯೆತ್ತಿ ನೋಡಿದಳು. ಇನ್ನು ಅಮ್ಮ ಹತ್ತಿರ ಎಳೆದುಕೊಂಡು ತಲೆ ಸವರುತ್ತಾಳೆ, ಎಲ್ಲ ಮುಗಿಯುತ್ತದೆ ಎಂದುಕೊಂಡಳು.

“ಹಾಗಂತ ನಾನು ನಿನ್ನ ಫೋಟೋ ಹಾಳು ಮಾಡಲಿಲ್ಲ,” ಎಂದಳು ಅಮ್ಮ. “ಇನ್ಮೇಲೆ ನಂದು ಯಾವುದನ್ನೂ ಮುಟ್ಟಬೇಡ.”

ಮುಂದಿನ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಹೋದರು.

ಮೂಲ ಚಿತ್ರ ಅಮ್ಮನ ಕ್ಯಾಮೆರಾದಲ್ಲೇ ಇತ್ತು. ಅವಳು ಮೇಷ್ಟ್ರ ಬಳಿ ಹೋಗಿ, ಮತ್ತೆ ಕೊಡುತ್ತೇನೆಂದು ಒಪ್ಪಿಗೆ ಪಡೆದಳು. ಉದ್ದಣ್ಣನ ಪಕ್ಕ ಕೂತು ಲೇಯರ್, ಮಾಸ್ಕ್ ಎಂದು ಒಂದೊಂದಾಗಿ ಕಲಿತಳು. ಚಿತ್ರದ ಮೇಲೆ ಪದರ ಹಾಸಿ, ಬೇಕಾದ ಕಡೆ ಮಾತ್ರ ಬೆಳಕು ಬೀಳುವಂತೆ ಉಳಿದದ್ದನ್ನು ಮರೆಮಾಡುವ ಕೆಲಸ ಅದು. ಮೌಸ್ ಹಿಡಿದ ಅವಳ ಕೈ ಇರುವೆಯ ಹಾಗೆ ಸಾಗುತ್ತಿತ್ತು. ತನಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವುದಕ್ಕೆ ಅಮ್ಮ ಒಂದಿಡೀ ತರಗತಿ ತಿನ್ನುತ್ತಿದ್ದುದನ್ನು ಗುಬ್ಬಿ ಹಿಂದಿನ ಸಾಲಿನಿಂದ ನೋಡಿದಳು. ಬಾಯಿ ತುದಿಗೆ ಬಂದ ಸಲಹೆಯನ್ನು ನುಂಗಿಕೊಂಡಳು. ಕೇಳುವ ಹಕ್ಕು ಅಮ್ಮನದು, ಅಮ್ಮ ಕೇಳಲಿಲ್ಲ.

ಮನೆಯಲ್ಲಿ ಮಾತು ಬೇಕಾದಷ್ಟಕ್ಕೇ ನಿಂತಿತು. ನಡುವೆ ಸಿಕ್ಕಿಕೊಂಡ ಅಪ್ಪನಿಗೆ ವಿಷಯ ಗೊತ್ತಿರಲಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಓಡಾಡುತ್ತಿದ್ದುದರಿಂದ ಅಡುಗೆ ಅವನ ಪಾಲಿಗೆ ಬಿದ್ದಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತು ಗುಬ್ಬಿ ಅವನನ್ನೇ ನೋಡುತ್ತಿದ್ದಳು. ಈರುಳ್ಳಿ ಹೆಚ್ಚುತ್ತಿರುವಾಗ ಹಾಲು ಉಕ್ಕುತ್ತಿತ್ತು, ಹಾಲಿಗೆ ಓಡಿದರೆ ನಲ್ಲಿ ಸುರಿಯುತ್ತಿತ್ತು. ನಾಲ್ಕು ಜನ ಬೇಕು ಈ ಮನೆಗೆ ಎಂದು ಅಪ್ಪ ಗೊಣಗಿದ.

ಪ್ರದರ್ಶನಕ್ಕೆ ಇನ್ನೂ ಏನನ್ನೂ ಕೊಡದಿದ್ದ ಗುಬ್ಬಿ ಎದ್ದು ಟ್ರೈಪಾಡ್ ತಂದಳು. ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಅಪ್ಪನನ್ನು ಒಲೆಯ ಮುಂದೆ, ತೊಟ್ಟಿಯ ಮುಂದೆ, ಕಪಾಟಿನ ಮುಂದೆ, ನೆಲದ ಮೇಲೆ ಕೂರಿಸಿ ನಿಲ್ಲಿಸಿ ತೆಗೆದಳು. ಅಪ್ಪ ಬೈಯುತ್ತಲೇ ಹೇಳಿದಂತೆ ಕೇಳಿದ. ಆಮೇಲೆ ಆ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ಮಾಸ್ಕ್ ಹಾಕಿ, ಒಂದೇ ಅಡುಗೆಮನೆಯಲ್ಲಿ ನಾಲ್ವರು ಅಪ್ಪಂದಿರನ್ನು ಮಾಡಿದಳು. ಒಂದು ಕಡೆ ಒಬ್ಬ ಅಪ್ಪನ ಕೈ ಇನ್ನೊಬ್ಬ ಅಪ್ಪನ ಹೆಗಲೊಳಗಿಂದ ಪಾರದರ್ಶಕವಾಗಿ ಹಾದುಹೋಗಿತ್ತು. ಸರಿಮಾಡಲು ಕೈಯೆತ್ತಿದವಳು ನಿಂತಳು. ಆ ಹೆಗಲ ಮೇಲಿನ ಕೈ, ಯಾರೂ ನೆರವಿಗಿಲ್ಲದ ಮನುಷ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡಂತೆ ಕಾಣುತ್ತಿತ್ತು. ಅವಳು ಅದನ್ನು ಹಾಗೆಯೇ ಬಿಟ್ಟಳು.

ಪ್ರದರ್ಶನದ ದಿನ ಅಮ್ಮನ ಚಿತ್ರ ಬಾಗಿಲಿನ ಎದುರಿನ ದೊಡ್ಡ ಗೋಡೆಯಲ್ಲಿತ್ತು. ಒಳಗೆ ಕಾಲಿಟ್ಟವರೆಲ್ಲ ಮೊದಲು ಅದರ ಮುಂದೆಯೇ ನಿಲ್ಲುತ್ತಿದ್ದರು. ಗಾಜಿನಲ್ಲಿ ಮುಖವಿತ್ತು, ಒಂದು ಕಣ್ಣು ಮುಚ್ಚಿತ್ತು. ಗುಬ್ಬಿ ಅದನ್ನು ನೋಡಿದಳು. ಹೊಟ್ಟೆಯಲ್ಲಿ ಮತ್ತದೇ ಕಿಚ್ಚು ಎದ್ದಿತು. ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿರಲಿಲ್ಲ.

ಗುಬ್ಬಿಯದು ಒಳಗಡೆ, ಮೆಟ್ಟಿಲ ಪಕ್ಕ. ಜನ ಅದರ ಮುಂದೆ ನಗುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ನಕ್ಕ ಮೇಲೂ ಅಲ್ಲಿಂದ ಕದಲಲಿಲ್ಲ; ಕನ್ನಡಕ ಒರೆಸಿಕೊಂಡು ಆ ಕೈಯ ಹತ್ತಿರಕ್ಕೆ ಮುಖ ತಂದು ನೋಡಿದಳು. ಮೇಷ್ಟ್ರು ಬಂದು ಅವಳ ಹಿಂದೆ ನಿಂತರು. ಅವರೂ ಬೇಗ ಅಲ್ಲಿಂದ ಹೋಗಲಿಲ್ಲ.

ಆಗ ಗುಬ್ಬಿಗೆ ಕಂಬದ ಬಳಿ ಅಮ್ಮ ಕಂಡಳು. ಅಮ್ಮ ಮೇಷ್ಟ್ರನ್ನೂ ಚಿತ್ರವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ತುಟಿ ಬಿಗಿದಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಕಂಡ ಗಂಡನನ್ನು ತಾನೇಕೆ ಹೀಗೆ ತೆಗೆಯಲಿಲ್ಲ ಎಂಬ ಉರಿ ಆ ಮುಖದಲ್ಲಿ ಬಚ್ಚಿಡಲಾಗದಂತೆ ಕಾಣುತ್ತಿತ್ತು. ಗುಬ್ಬಿಗೆ ಬಂದ ಸಂತೋಷ ಸಣ್ಣದೇನಲ್ಲ.

ಅಮ್ಮ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಳು. “ಆ ಕೈ ಹಾಗೆ ಕಾಣೋ ಥರ ಹೇಗೆ ಮಾಡಿದೆ?” ಎಂದಳು, ಚಿತ್ರದಿಂದ ಕಣ್ಣು ತೆಗೆಯದೆ.

ಹೇಳದೆ ಉಳಿಸಿಕೊಳ್ಳಬಹುದಿತ್ತು. ಒಂದು ಗಳಿಗೆ ಗುಬ್ಬಿ ಹಾಗೆಯೇ ಅಂದುಕೊಂಡಳು ಕೂಡ. ಆಮೇಲೆ ಪದರಗಳ ಕ್ರಮವನ್ನು, ಮಾಸ್ಕನ್ನು ಎಲ್ಲಿ ಅರ್ಧಕ್ಕೆ ನಿಲ್ಲಿಸಬೇಕೆಂಬುದನ್ನು ಬಿಡಿಸಿ ಹೇಳಿದಳು. ಅಮ್ಮ ನಡುವೆ ತಡೆದು, ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು ಎಂದಳು. ಗುಬ್ಬಿ ಇನ್ನೊಂದು ಸಲ ಹೇಳಿದಳು.